ಬಣ್ಣ ಹಾಕದ ಗಾಜು

2025ರ ಏಪ್ರಿಲ್ 7, ಸೋಮವಾರ. ಬೆಳಿಗ್ಗೆ 10.40ಕ್ಕೆ ಪೀಣ್ಯದ ಠಾಣೆಗೆ ಬಂದ ಮುನಿರಾಜು ಎರಡು ಪುಟದ ದೂರು ಮುಂದಿಟ್ಟ. ರಾಜಗೋಪಾಲನಗರದ ತನ್ನ ತಂಗಿ ಮಾರಕ್ಕ ಶನಿವಾರ ರಕ್ತಹೀನತೆಯಿಂದ ಸತ್ತಳು, ಗಂಡ ಹನುಮಯ್ಯ ಕಬ್ಬಿಣದ ಮಾತ್ರೆ ಕೊಡದೆ ಕೊಂದ ಎಂಬುದು ಸಾರಾಂಶ. ಅಕ್ಷರ ಮಾತ್ರ ಅಚ್ಚು ಹಾಕಿದಂತಿತ್ತು.

“ನೀವೇ ಬರೆದಿದ್ದಾ?” ಇನ್‌ಸ್ಪೆಕ್ಟರ್ ಊರ್ಮಿಳಾ ಕೇಳಿದರು.

“ನಂಗೆಲ್ಲಿ ಬರ್ತದೆ ಮೇಡಂ? ಸೈನು ಒಂದೇ. ನಮ್ಮನೇಲಿ ಓದೋದು ಬರಿಯೋದು ಎಲ್ಲ ನನ್ನ ಮಗಳು ಲಾವಣ್ಯಾನೇ. ರಕ್ತ ಪರೀಕ್ಷೆ ಲ್ಯಾಬ್‌ನಾಗವ್ಳೆ.”

ಎಫ್‌ಐಆರ್ ದಾಖಲಾಯಿತು. ಆಸ್ಪತ್ರೆಗೆ ಸೇರಿಸಿದ ಒಂದು ಗಂಟೆಯಲ್ಲೇ ಮಾರಕ್ಕ ತೀರಿಕೊಂಡಿದ್ದರಿಂದ ಮರಣೋತ್ತರ ಪರೀಕ್ಷೆ ಆಗಲೇ ಮುಗಿದಿತ್ತು. ವರದಿ ಬರುವುದಷ್ಟೇ ಬಾಕಿ.

ಮಧ್ಯಾಹ್ನ 12.15. ನಟ್ಟು ಬೋಲ್ಟು ಕಾರ್ಖಾನೆಯ ಕೆಲಸಗಾರ ಹನುಮಯ್ಯ ಒಂದೇ ಕೋಣೆಯ ಮನೆಯಲ್ಲಿ ಗೋಡೆಗೊರಗಿ ಕೂತಿದ್ದ. ಅವನನ್ನು ನೋಡಿದರೆ ಕೊಲೆಗಾರನಂತೆ ಕಾಣುತ್ತಿರಲಿಲ್ಲ. ಹಾಗೆ ಕಾಣದ ಎಷ್ಟೋ ಜನರನ್ನು ಊರ್ಮಿಳಾ ಒಳಗೆ ಹಾಕಿದ್ದರು.

“ಮಾತ್ರೆ ಕೊಡ್ತಿದ್ರಾ?”

“ಒಂದಿನಾನೂ ತಪ್ಪಿಸ್ಲಿಲ್ಲ ಮೇಡಂ. ಬ್ಯಾಡ ಅಂದ್ರೂ ನಾನೇ ನುಂಗಿಸ್ತಿದ್ದೆ.”

ದೇವರ ಪಟದ ಹಿಂದಿನಿಂದ ಹತ್ತತ್ತು ಮಾತ್ರೆಯ ಮೂರು ಸ್ಟ್ರಿಪ್ ತೆಗೆದುಕೊಟ್ಟ. ಎರಡು ಖಾಲಿ, ಮೂರನೆಯದರಲ್ಲಿ ಎಂಟು ಮಾತ್ರೆ ಉಳಿದಿದ್ದವು. ಹೆಡ್ ಕಾನ್‌ಸ್ಟೇಬಲ್ ನಂಜಪ್ಪ ಬೆರಳು ಮಡಚಿ ಲೆಕ್ಕ ಹಾಕಿದ. ರಕ್ತ ಪರೀಕ್ಷೆಯಾದ ದಿನದಿಂದ ಇಪ್ಪತ್ತೆರಡು ದಿನಕ್ಕೆ ಇಪ್ಪತ್ತೆರಡು ಮಾತ್ರೆ.

“ಖಾಲಿ ಸ್ಟ್ರಿಪ್ ಯಾಕೆ ಇಟ್ಕೊಂಡ್ರಿ?”

“ಲಾವಣ್ಯ ವಾರವಾರ ಬಂದು ನೋಡ್ತಿದ್ಲು. ಬಿಸಾಕ್ಬೇಡ ಮಾಮ, ಅತ್ತೆ ತಗೊಂಡಿದ್ದು ಗೊತ್ತಾಗ್ಬೇಕು ಅಂದಿದ್ಲು.”

ಹಾಗಾದರೆ ಮಾತ್ರೆ ಕೊಟ್ಟದ್ದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಅಪ್ಪನ ಹೆಸರಿನಲ್ಲಿ ಕೊಟ್ಟಿಲ್ಲವೆಂದು ಬರೆದಿದ್ದಳು. ಸ್ಟ್ರಿಪ್ ಜತೆ ಲ್ಯಾಬ್ ಚೀಟಿಯೂ ಇತ್ತು. ‘ಮಾರ್ಚ್ 14. ಹಿಮೋಗ್ಲೋಬಿನ್ 7.2. ಮಲೇರಿಯಾ ಇಲ್ಲ.’ ದೂರಿನಲ್ಲಿದ್ದದ್ದೂ ಇದೇ ಅಕ್ಷರ. ಊರ್ಮಿಳಾಗೆ ಸಿಟ್ಟು ಬಂತು, ತೋರಿಸಿಕೊಳ್ಳಲಿಲ್ಲ.

ಮಂಗಳವಾರ 11 ಗಂಟೆಗೆ ಬಂದ ವರದಿಯಲ್ಲಿ ಸಾವಿನ ಕಾರಣ ಮಲೇರಿಯಾ ಎಂದಿತ್ತು. ಜನವರಿಯಿಂದ ಎರಡು ತಿಂಗಳು ಮಂಗಳೂರಿನ ಕಟ್ಟಡ ಕೆಲಸದಲ್ಲಿದ್ದ ಮಾರಕ್ಕ ಜ್ವರ ಹೊತ್ತುಕೊಂಡೇ ಮರಳಿದ್ದಳು. ಊರ್ಮಿಳಾ ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯರಿಗೆ ಫೋನ್ ಮಾಡಿದರು.

“ಅಷ್ಟು ಮಾತ್ರೆ ತಿಂದ್ರೂ ರಕ್ತ ಯಾಕೆ ಏರ್ಲಿಲ್ಲ ಡಾಕ್ಟ್ರೇ?”

“ಮಲೇರಿಯಾ ರಕ್ತಕಣಗಳನ್ನ ಒಡೀತಾ ಹೋಗುತ್ತೆ ಮೇಡಂ. ಆಗ ಯಕೃತ್ತು ಹೆಪ್ಸಿಡಿನ್ ಅನ್ನೋ ಹಾರ್ಮೋನ್ ಜಾಸ್ತಿ ಬಿಡುತ್ತೆ. ತಿಂದ ಕಬ್ಬಿಣ ಕರುಳು ದಾಟಲ್ಲ, ಮೈಯಲ್ಲಿರೋದೂ ಒಳಗೇ ಬೀಗ ಹಾಕಿಸ್ಕೊಂಡು ಕೂತಿರುತ್ತೆ. ಈಕೆಯಲ್ಲಿ ಕೂಡಿಟ್ಟ ಕಬ್ಬಿಣ ಬೇಕಾದಷ್ಟಿತ್ತು. ಮೊದಲು ಮಲೇರಿಯಾಗೆ ಔಷಧಿ ಕೊಡಬೇಕಿತ್ತು.”

“ಗಂಡನದು ತಪ್ಪಿಲ್ಲ?”

“ಏನೂ ಇಲ್ಲ.”

ಅದೇ ದಿನ 2.30ಕ್ಕೆ ಪಂಚರ ಸಮ್ಮುಖದಲ್ಲಿ ಲಾವಣ್ಯ ಒಬ್ಬಳೇ ನೋಡಿಕೊಳ್ಳುತ್ತಿದ್ದ ಲ್ಯಾಬಿನ ಪಂಚನಾಮೆ ನಡೆಯಿತು. ಮಲೇರಿಯಾ ನೋಡಲು ಗಾಜಿನ ಮೇಲೆ ರಕ್ತ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಡಿ ಇಡಬೇಕು. ಪೆಟ್ಟಿಗೆಯಲ್ಲಿದ್ದ ಅರವತ್ತು ಗಾಜುಗಳಲ್ಲಿ ಒಂದಕ್ಕೂ ಬಣ್ಣ ತಾಗಿರಲಿಲ್ಲ. ಅರವತ್ತು ವರದಿಯಲ್ಲೂ ‘ಇಲ್ಲ’ ಎಂದೇ ಇತ್ತು. ಬಣ್ಣದ ಬಾಟಲಿಯ ಮುಚ್ಚಳದ ಸೀಲು ಸಹ ಒಡೆದಿರಲಿಲ್ಲ.

ಮಾರಕ್ಕನ ಗಾಜಿಗೆ ಸರ್ಕಾರಿ ಪ್ರಯೋಗಾಲಯದವರು ಬಣ್ಣ ಹಾಕಿದರು. ರೋಗಾಣು ಕಂಡವು.

ಬುಧವಾರ ಮಧ್ಯಾಹ್ನ 3.50. ಅಪ್ಪನ ಜತೆ ಠಾಣೆಗೆ ಬಂದ ಲಾವಣ್ಯ ದುಪಟ್ಟಾದ ತುದಿ ಸುತ್ತುತ್ತ ನಿಂತಿದ್ದಳು.

“ಯಾಕೆ ನೋಡ್ಲಿಲ್ಲ?”

“ನೋಡೋಕೆ ಬರಲ್ಲ ಮೇಡಂ. ಕೋರ್ಸ್‌ನಲ್ಲಿ ಒಂದ್ಸಲ ಕೇಳ್ದೆ, ಎಲ್ರೂ ನಕ್ಬಿಟ್ರು. ಆಮೇಲೆ ಕೇಳ್ಲಿಲ್ಲ. ಇಲ್ಲಿ ಯಾರಿಗೂ ಇರಲ್ಲ ಅನ್ಕೊಂಡು ‘ಇಲ್ಲ’ ಅಂತ ಬರೀತಿದ್ದೆ.”

“ಅತ್ತೆಗೂ?”

“ಕೆಲ್ಸ ಸಿಕ್ಕಾಗ ಅತ್ತೆ ಬೀದಿಗೆಲ್ಲ ಮೈಸೂರ್ ಪಾಕ್ ಹಂಚಿದ್ರು. ನಮ್ಮುಡುಗಿ ಡಾಕ್ಟ್ರಿಗಿಂತ ಮೇಲು ಅಂತ. ಅವ್ರಿಗೆ ಎಂಗೆ ಹೇಳ್ಲಿ, ನಂಗೆ ಬರಲ್ಲ ಅಂತ?”

“ಮಾಮನ ಮೇಲೆ ಯಾಕೆ ಬರೆದೆ?”

“ಮಾತ್ರೆ ಕೊಡ್ಲಿಲ್ಲ ಅಂದ್ರೆ ನನ್ನ ಚೀಟಿ ಯಾರೂ ಕೇಳಲ್ಲ ಅನ್ಕೊಂಡೆ.”

4.20ಕ್ಕೆ ಬಂಧನ. ಮನೆಯವರ ಸಹಿಗಾಗಿ ನಂಜಪ್ಪ ಬಂಧನದ ಕಾಗದವನ್ನು ಮುನಿರಾಜುವಿನ ಮುಂದಿಟ್ಟ. ಮುನಿರಾಜು ಅದನ್ನು ತಿರುವಿ ಮುರುವಿ ನೋಡಿ, ರೂಢಿಯಂತೆ ಮಗಳ ಕಡೆಗೇ ಚಾಚಿದ.

“ಏನ್ ಬರ್ದವ್ರೆ, ಓದವ್ವ.”

ಲಾವಣ್ಯ ಕಾಗದ ಹಿಡಿದು ತನ್ನ ಹೆಸರು ಓದಿದಳು, ಅಪ್ಪನ ಹೆಸರು ಓದಿದಳು. ಮಾರಕ್ಕನ ಹೆಸರಿನ ಹತ್ತಿರ ಬಂದಾಗ ನಿಲ್ಲಿಸಿದಳು.

“ಮುಂದಕ್ಕೆ?” ಎಂದ ಮುನಿರಾಜು.