ಇನ್ನೂರು ಕುರ್ಚಿಗಳ ಹಾಲ್

ರೇಡಿಯೊ ಮೂರನೇ ಸಲ ಎಣಿಸಿದಳು. ಒಂಬತ್ತೇ ಜನ. ಅದರಲ್ಲಿ ಅವಳೂ ಅತ್ತೆಯೂ ಸೇರಿದ್ದರು.

"ಎಷ್ಟು ಸಲ ಎಣಿಸಿದ್ರೂ ಅಷ್ಟೇ ಇರುತ್ತೆ," ಎಂದಳು ಅತ್ತೆ. "ಸುಮ್ನೆ ಕೂತ್ಕೋ."

ಹಾಲ್‌ನಲ್ಲಿ ಇನ್ನೂರು ಕುರ್ಚಿಗಳಿದ್ದವು. ನೀಲಿ ಸೀಟಿನ, ಕಬ್ಬಿಣದ ಕಾಲಿನ ಮಡಚುವ ಕುರ್ಚಿಗಳು. ಕೊನೆಯ ಸಾಲಿನಲ್ಲಿ ಒಬ್ಬ ಮುದುಕರು ಪೇಪರ್ ಓದುತ್ತಿದ್ದರು. ನಡುವೆ ಮೂವರು ಕಾಲೇಜ್ ಹುಡುಗಿಯರು. ಗೋಡೆಯ ಪಕ್ಕ ಒಬ್ಬ ಗಂಡ, ಹೆಂಡತಿ. ಬಾಗಿಲ ಹತ್ತಿರ, ತೊಡೆಯ ಮೇಲೆ ಹೆಲ್ಮೆಟ್ ಇಟ್ಟುಕೊಂಡ ಹೆಂಗಸು. ಉಳಿದದ್ದೆಲ್ಲ ಬರೀ ನೀಲಿ.

ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ಶೋ ಎಂದು ಹಾಕಿದ್ದರು. ಈಗ ನಾಲ್ಕೂ ಕಾಲು.

ರೇಡಿಯೊಗೆ ಬೇರೆ ಹೆಸರೊಂದಿತ್ತು. ಆದರೆ ಅಟೆಂಡೆನ್ಸ್ ಹೊತ್ತಿನಲ್ಲಿ ಬಿಟ್ಟರೆ ಅದನ್ನು ಯಾರೂ ಬಳಸುತ್ತಿರಲಿಲ್ಲ. ಅವಳ ಐದನೇ ಕ್ಲಾಸಿನವರೇ ಅವಳಿಗೆ ಈ ಹೆಸರಿಟ್ಟಿದ್ದರು. ಪ್ರತಿ ಸೋಮವಾರ ಅವಳ ಹತ್ತಿರ ಒಂದು ಹೊಸ ಹಾಡು ಇರುತ್ತಿತ್ತು. ಅದನ್ನು ಯಾರು ಹಾಡಿದ್ದು, ಯಾವ ಜಾಗದಲ್ಲಿ ಡ್ರಮ್ ಬರುತ್ತೆ, ಅದು ಯಾಕೆ ಅಷ್ಟು ಚೆನ್ನಾಗಿದೆ ಎಂದು ಅವಳು ಊಟದ ಡಬ್ಬಿ ಮುಚ್ಚುವ ತನಕ ಹೇಳುತ್ತಿದ್ದಳು.

ಈ ಹಾಡುಗಳೆಲ್ಲ ಸಿಗುತ್ತಿದ್ದುದು ಅತ್ತೆಯ ವ್ಯಾನಿನಲ್ಲಿ. ಅತ್ತೆ ಒಂದು ಲಾಂಡ್ರಿಯ ವ್ಯಾನ್ ಓಡಿಸುತ್ತಿದ್ದಳು. ಒಗೆದು ಇಸ್ತ್ರಿ ಮಾಡಿದ ಹಾಸಿಗೆ ಬಟ್ಟೆಗಳನ್ನು ಆಸ್ಪತ್ರೆಗಳಿಗೆ ಮುಟ್ಟಿಸುವ ಕೆಲಸ. ಶನಿವಾರ ರೇಡಿಯೊ ಮುಂದಿನ ಸೀಟಿನಲ್ಲಿ ಕೂತು ಅತ್ತೆಯ ಫೋನಿನಲ್ಲಿ ಹೊಸ ಹಾಡು ಹುಡುಕುತ್ತಿದ್ದಳು. ಹಾಗೆ ಹುಡುಕುವಾಗಲೇ ಎರಡು ತಿಂಗಳ ಹಿಂದೆ 'ಲಿಫ್ಟ್ ಕೆಟ್ಟಿದೆ' ಸಿಕ್ಕಿದ್ದು.

ಅದು ಒಂದು ಬ್ಯಾಂಡಿನ ಹೆಸರು. ಇದೇ ಊರಿನವರು, ಮೂರೇ ಜನ. ರೇಡಿಯೊ ಮನೆಗೆ ಓಡಿಬಂದು, "ಅಮ್ಮಾ, ಲಿಫ್ಟ್ ಕೆಟ್ಟಿದೆ, ಗೊತ್ತಾ?" ಎಂದು ಕೇಳಿದಾಗ ಅಮ್ಮ ತಲೆ ಎತ್ತದೆ, "ಕೆಟ್ರೆ ನಮಗೇನು, ನಾವಿರೋದು ಕೆಳಗಡೆ," ಎಂದಿದ್ದಳು.

ಅವರ ಒಂದು ಹಾಡಿನಲ್ಲಿ ಒಬ್ಬ ಮನುಷ್ಯ ಬೀಗದ ಕೈ ಕಳೆದುಕೊಂಡು ಮೆಟ್ಟಿಲ ಮೇಲೆ ಕೂತಿರುತ್ತಾನೆ. ಮೆಟ್ಟಿಲು ಹತ್ತುವವರು ಒಬ್ಬೊಬ್ಬರಾಗಿ ಬಂದು ಅವನ ಪಕ್ಕ ಕೂರುತ್ತಾರೆ. ಅಷ್ಟೇ ಕತೆ. ಆ ಹಾಡನ್ನು ಅಲ್ಲಿಯವರೆಗೆ ನೂರ ಎಪ್ಪತ್ತು ಜನ ಮಾತ್ರ ಕೇಳಿದ್ದಾರೆಂದು ಫೋನ್ ತೋರಿಸುತ್ತಿತ್ತು. ಅಂದರೆ ತಾನು ನೂರ ಎಪ್ಪತ್ತೊಂದನೆಯವಳು. ಇಷ್ಟು ಒಳ್ಳೆಯ ಹಾಡು ಯಾರಿಗೂ ಗೊತ್ತಿಲ್ಲ ಎಂಬುದು ರೇಡಿಯೊಗೆ ತಡೆಯಲಾರದ ಸಂಗತಿಯಾಗಿತ್ತು.

ಒಂದು ಶನಿವಾರ ಬ್ಯಾಂಡಿನವರು ಲೈವ್ ಶೋ ಮಾಡುತ್ತೇವೆಂದು ಹಾಕಿದರು. ಹಾಡುವವಳಿಗೆ ಬೀಗ ರಿಪೇರಿ ಅಂಗಡಿ ಇತ್ತು. ಅದರ ಹಿಂದಿನ ಕೋಣೆಯಲ್ಲೇ ಶೋ. ಮೂವತ್ತು ಜನಕ್ಕೆ ಜಾಗ ಇದೆ, ಬರುವವರು ತಿಳಿಸಿ ಎಂದಿತ್ತು.

ಅತ್ತೆ ಆಸ್ಪತ್ರೆಯೊಳಗೆ ಬಟ್ಟೆಯ ಗಂಟು ಇಳಿಸಲು ಹೋಗಿದ್ದಳು. ರೇಡಿಯೊ ಫೋನ್ ಬಾಯಿಗೆ ಹಿಡಿದು ವಾಯ್ಸ್ ಮೆಸೇಜ್ ಕಳಿಸಿದಳು. ನಮ್ಮ ಸ್ಕೂಲಿನಲ್ಲಿ ಎಲ್ಲರೂ ನಿಮ್ಮ ಫ್ಯಾನ್, ಬರೀ ನಮ್ಮ ಕ್ಲಾಸಿನಲ್ಲೇ ನಲವತ್ತು ಜನ, ಬೇರೆ ಕ್ಲಾಸಿನವರೂ ಇದ್ದಾರೆ, ಬಸ್ ಮಾಡಿಕೊಂಡು ಬರ್ತೀವಿ, ಮೂವತ್ತು ಜನದ ಕೋಣೆ ಸಾಲಲ್ಲ ಎಂದಳು. ಹೇಳುವಾಗ ಅದೆಲ್ಲ ನಿಜವೇ ಅನ್ನಿಸಿತ್ತು. ಊಟದ ಹೊತ್ತಿನಲ್ಲಿ ಅವಳು ಹಾಡಿ ತೋರಿಸಿ, ಚೆನ್ನಾಗಿದೆ ಅಲ್ವಾ ಎಂದಾಗ ಎಲ್ಲರೂ ಹೂಂ ಅಂದಿದ್ದರಲ್ಲ.

ಮೂರು ದಿನದ ಮೇಲೆ ಬ್ಯಾಂಡಿನವರು ಜಾಗ ಬದಲಾಯಿಸಿದರು. ಲೈಬ್ರರಿ ಪಕ್ಕದ ದೊಡ್ಡ ಹಾಲ್, ಇನ್ನೂರು ಸೀಟು.

ರೇಡಿಯೊ ಕ್ಲಾಸಿನಲ್ಲಿ ಬೆಂಚಿನ ಮೇಲೆ ನಿಂತು ಯಾರ್‍ಯಾರು ಬರ್ತೀರಿ ಎಂದು ಕೇಳಿದಳು. ಕೆಲವರು ಕೈ ಎತ್ತಿದರು. ಏನು ಕೇಳಿದರೂ ಕೈ ಎತ್ತುವ ಹುಡುಗನೊಬ್ಬನಿದ್ದ, ಅವನೂ ಎತ್ತಿದ. ಶುಕ್ರವಾರ ಮತ್ತೆ ಕೇಳಿದಾಗ ಒಬ್ಬನಿಗೆ ಈಜು ಕ್ಲಾಸ್ ಇತ್ತು, ಒಬ್ಬಳ ಮನೆಗೆ ನೆಂಟರು ಬರುವವರಿದ್ದರು. ಉಳಿದವರು "ನೋಡೋಣ" ಎಂದರು. ಪಕ್ಕದಲ್ಲಿ ಕೂರುವ ಗೆಳತಿಯೂ "ನೋಡೋಣ" ಎಂದಳು. ದೊಡ್ಡವರು ನೋಡೋಣ ಎಂದರೆ ಇಲ್ಲ ಎಂದರ್ಥ. ಅದು ರೇಡಿಯೊಗೆ ಗೊತ್ತಿತ್ತು. ಆದರೂ ಎಲ್ಲ ನೋಡೋಣಗಳನ್ನೂ ಅವಳು ಬರುವವರ ಲೆಕ್ಕಕ್ಕೇ ಸೇರಿಸಿಕೊಂಡಳು.

ಈಗ ಸ್ಟೇಜಿನ ಪರದೆ ಸ್ವಲ್ಪ ಸರಿಯಿತು. ಹಾಡುವವಳು ಇಣುಕಿ ನೋಡಿದಳು. ಗಿಡ್ಡ ಕೂದಲು, ದೊಡ್ಡ ಕನ್ನಡಕ. ಅವಳು ಬಾಗಿಲಲ್ಲಿ ನಿಂತಿದ್ದ ವಾಚ್‌ಮ್ಯಾನ್ ಕಡೆ ಕೈ ಮಾಡಿ, ಗೇಟಿನ ಹತ್ತಿರ ಸ್ಕೂಲ್ ಬಸ್ ಏನಾದರೂ ಬಂತಾ ಎಂದು ಕೇಳಿದಳು. ಅವನು ಇಲ್ಲವೆಂದು ತಲೆಯಾಡಿಸಿದ. ಹಿಂದಿನಿಂದ ಡ್ರಮ್‌ನವನ ದನಿ ಕೇಳಿಸಿತು. "ಟ್ರಾಫಿಕ್‌ನಲ್ಲಿ ಸಿಕ್ಕಿರಬೇಕು. ಇನ್ನು ಹತ್ತು ನಿಮಿಷ ಕಾಯೋಣ. ಪಾಪ, ಮಕ್ಕಳು."

ರೇಡಿಯೊ ಕುರ್ಚಿಯಲ್ಲಿ ಇನ್ನಷ್ಟು ಕೆಳಕ್ಕೆ ಜಾರಿ ಕೂತಳು.

ಹತ್ತು ನಿಮಿಷ ಕಳೆಯಿತು. ಗೋಡೆಯ ಪಕ್ಕದ ಗಂಡ ವಾಚ್ ನೋಡಿಕೊಂಡು ಎದ್ದು ನಿಂತ. ಹೆಂಡತಿ ಅವನ ಕೈ ಹಿಡಿದು ಕೂರಿಸಿದಳು. ಮುದುಕರು ಪೇಪರಿನ ಕೊನೆಯ ಪುಟಕ್ಕೆ ಬಂದಿದ್ದರು. ಕಾದಷ್ಟೂ ಇರುವವರೂ ಹೊರಟುಹೋಗುತ್ತಾರೆ. ಬಸ್ ಬರುವುದಿಲ್ಲ ಎಂದು ಈ ಹಾಲ್‌ನಲ್ಲಿ ಗೊತ್ತಿದ್ದದ್ದು ಒಬ್ಬಳಿಗೇ.

ಅವಳು ಎದ್ದು ಸ್ಟೇಜಿನ ಪಕ್ಕದ ಮೆಟ್ಟಿಲು ಹತ್ತಿದಳು. ಅತ್ತೆ "ಎಲ್ಲಿಗೆ?" ಎಂದದ್ದು ಕೇಳಿಸಿತು, ತಿರುಗಲಿಲ್ಲ.

ಪರದೆಯ ಹಿಂದೆ ಹಾಡುವವಳು ಗಿಟಾರಿನ ತಂತಿ ಬಿಗಿ ಮಾಡುತ್ತಿದ್ದಳು. ಡ್ರಮ್‌ನವನು, ಇನ್ನೊಬ್ಬ ದಪ್ಪಗಿನ ಗಿಟಾರಿನವನು ಒಂದೇ ಡಬ್ಬದ ಮೇಲೆ ಕೂತಿದ್ದರು.

"ಬಸ್ ಬರಲ್ಲ," ಎಂದಳು ರೇಡಿಯೊ. "ಬಸ್ಸೇ ಇಲ್ಲ. ಆ ಮೆಸೇಜ್ ಕಳಿಸಿದ್ದು ನಾನು."

ಮೂವರೂ ಅವಳನ್ನು ನೋಡಿದರು.

"ಸುಳ್ಳು ಹೇಳಿದ್ಯಾ?" ಎಂದು ಕೇಳಿದಳು ಹಾಡುವವಳು. ದನಿಯಲ್ಲಿ ಸಿಟ್ಟಿರಲಿಲ್ಲ, ಪ್ರೀತಿಯೂ ಇರಲಿಲ್ಲ.

"ಇಲ್ಲ. ಎಲ್ಲರೂ ಹೂಂ ಅಂದಿದ್ರು." ರೇಡಿಯೊ ನೆಲ ನೋಡಿದಳು. ಆಮೇಲೆ ಹೇಳಿದಳು: "ಹೂಂ ಅಂದಿದ್ದು ಹದಿನಾಲ್ಕು ಜನ. ಉಳಿದೋರನ್ನ ನಾನೇ ಸೇರಿಸಿದೆ. ಬಸ್ಸನ್ನೂ."

ದಪ್ಪಗಿನವನು ಬಾಯಿ ಮುಚ್ಚಿಕೊಂಡು ಕೆಮ್ಮಿದ. ಅದು ಕೆಮ್ಮೋ ನಗುವೋ ಗೊತ್ತಾಗಲಿಲ್ಲ. ಡ್ರಮ್‌ನವನು, ನಾನು ಮೊದಲೇ ಹೇಳಿದ್ದೆ ಅಂಗಡಿಯ ಕೋಣೆಯೇ ಸಾಕು ಅಂತ, ಎಂದ.

"ಹೌದು, ನೀನು ಹೇಳಿದ್ದೆ," ಎಂದಳು ಹಾಡುವವಳು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತ ರೇಡಿಯೊ ಕಡೆ ತಿರುಗಿದಳು. "ನಿನ್ನ ಮೆಸೇಜನ್ನ ನಾಲ್ಕು ಸಲ ಕೇಳಿದೆ. ಚಿಕ್ಕ ಹುಡುಗಿ ದನಿ ಅಂತ ಗೊತ್ತಾಗಿತ್ತು. ಆದ್ರೂ ನಂಬಿದೆ. ನಂಬೋಕೆ ಖುಷಿಯಾಗ್ತಿತ್ತು." ಕನ್ನಡಕ ಮತ್ತೆ ಹಾಕಿಕೊಂಡಳು. "ಹೋಗಿ ಕೂತ್ಕೋ. ಶುರು ಮಾಡ್ತೀವಿ."

ರೇಡಿಯೊ ಕೆಳಗಿಳಿದು ಬಂದು ಅತ್ತೆಗೆ ಎಲ್ಲ ಹೇಳಿದಳು. ಅತ್ತೆ ಕೇಳಿದ್ದು ಒಂದೇ ಮಾತು. "ನನ್ನ ಫೋನಿಂದಾನಾ?"

ಮೊದಲ ಹಾಡು ಕೆಟ್ಟದಾಗಿತ್ತು. ಖಾಲಿ ಹಾಲ್‌ನಲ್ಲಿ ಸ್ಪೀಕರಿನ ಸದ್ದು ಹಿಂದಿನ ಗೋಡೆಗೆ ಬಡಿದು ವಾಪಸ್ ಬಂದು, ಒಂದೊಂದು ಮಾತೂ ಎರಡೆರಡು ಸಲ ಕೇಳಿಸುತ್ತಿತ್ತು. ಹಾಡುವವಳು ಅರ್ಧಕ್ಕೇ ನಿಲ್ಲಿಸಿದಳು. ಹಣೆಗೆ ಕೈ ಅಡ್ಡ ಹಿಡಿದು ಹಾಲ್‌ನ ಉದ್ದಕ್ಕೂ ನೋಡಿದಳು. ಆಮೇಲೆ ಮೈಕ್ ಆಫ್ ಮಾಡಿ, ನಿಮ್ಮ ನಿಮ್ಮ ಕುರ್ಚಿ ತಗೊಂಡು ಎಲ್ಲರೂ ಮೇಲಕ್ಕೇ ಬನ್ನಿ ಎಂದಳು.

ಒಂಬತ್ತು ಜನ ಒಂಬತ್ತು ಕುರ್ಚಿ ಹೊತ್ತು ಸ್ಟೇಜ್ ಹತ್ತಿದರು. ಮುದುಕರ ಕುರ್ಚಿಯನ್ನು ವಾಚ್‌ಮ್ಯಾನ್ ತಂದ. ತಂದವನು ತನಗೂ ಒಂದು ತಂದುಕೊಂಡ. ಎಲ್ಲರೂ ಬ್ಯಾಂಡಿನ ಸುತ್ತ, ಕಾಲು ಕಾಲಿಗೆ ತಗಲುವಷ್ಟು ಹತ್ತಿರ ಕೂತರು.

ಬೀಗದ ಕೈ ಕಳೆದವನ ಹಾಡು ಶುರುವಾಯಿತು. ಅದರ ಒಂದೊಂದು ಅಕ್ಷರವೂ ರೇಡಿಯೊಗೆ ಬಾಯಿಪಾಠವಾಗಿತ್ತು. ಆದರೆ ವ್ಯಾನಿನಲ್ಲಿ ಕೇಳದ ಎಷ್ಟೋ ಸದ್ದುಗಳು ಇಲ್ಲಿದ್ದವು. ಬೆರಳು ತಂತಿಯ ಮೇಲೆ ಜಾರುವಾಗ ಸಣ್ಣಗೆ ಕಿರ್ ಎನ್ನುತ್ತಿತ್ತು. ಡ್ರಮ್‌ನವನು ತುಟಿಯಲ್ಲೇ ಒಂದು, ಎರಡು ಎಂದು ಎಣಿಸುತ್ತಿದ್ದ. ಪ್ರತಿ ಸಾಲಿಗೆ ಮುಂಚೆ ಹಾಡುವವಳು ಉಸಿರೆಳೆದುಕೊಳ್ಳುತ್ತಿದ್ದಳು. ಒಂದು ಕಡೆ ಮುಂದಿನ ಸಾಲೇ ಅವಳಿಗೆ ಮರೆತುಹೋಯಿತು. ಆಗ ದಪ್ಪಗಿನವನು ಅದನ್ನು ಮೆಲ್ಲಗೆ ಹಾಡಿ ಎತ್ತಿಕೊಟ್ಟ. ಹೆಲ್ಮೆಟ್ಟಿನ ಹೆಂಗಸು ಹೆಲ್ಮೆಟ್ಟನ್ನೇ ಬಡಿಯತೊಡಗಿದಳು. ವಾಚ್‌ಮ್ಯಾನ್ ಕಣ್ಣು ಮುಚ್ಚಿದ್ದ.

ಒಂದು ಗಂಟೆ ಹಾಡಿದರು. ಬೆನ್ನ ಹಿಂದೆ ನೂರ ತೊಂಬತ್ತು ಕುರ್ಚಿಗಳು ಖಾಲಿ ಇದ್ದವು. ರೇಡಿಯೊ ಒಮ್ಮೆಯೂ ತಿರುಗಿ ನೋಡಲಿಲ್ಲ.

ಮುಗಿದ ಮೇಲೆ ಕುರ್ಚಿಗಳನ್ನೆಲ್ಲ ಮಡಚಿ ಗೋಡೆಗೆ ಒರಗಿಸಬೇಕಿತ್ತು. ಅದು ಹಾಲ್‌ನವರ ರೂಲ್ ಅಂತೆ. ಮುದುಕರನ್ನು ಬಿಟ್ಟು ಎಲ್ಲರೂ ಸೇರಿ ಮಡಚಿದರು. ರೇಡಿಯೊ ಇಪ್ಪತ್ತಾರು ಮಡಚಿದಳು, ಎರಡು ಸಲ ಬೆರಳು ಸಿಕ್ಕಿಸಿಕೊಂಡಳು. ಅತ್ತೆ ಹಾಲ್‌ನ ಆ ತುದಿಯಲ್ಲಿ ಕಾಲೇಜ್ ಹುಡುಗಿಯರಿಗೆ ಏನೋ ಹೇಳುತ್ತ ನಗುತ್ತಿದ್ದಳು.

ಹಾಡುವವಳು ಒಂದು ಸಣ್ಣ ಪುಸ್ತಕ, ಪೆನ್ಸಿಲ್ ಹಿಡಿದು ಬಂದಳು. ಬೆರಳ ತುದಿಗಳು ಕಬ್ಬಿಣದ ಪುಡಿಯಿಂದ ಕಪ್ಪಾಗಿದ್ದವು. ಮುಂದಿನ ತಿಂಗಳು ಮತ್ತೆ ಹಾಡುತ್ತೇವೆ, ಈ ಸಲ ಅಂಗಡಿಯ ಹಿಂದಿನ ಕೋಣೆಯಲ್ಲೇ, ಎಂದಳು.

"ನಿನ್ನ ಕಡೆಯಿಂದ ಎಷ್ಟು ಜನ?"

ರೇಡಿಯೊ ಬಾಯಿ ತೆರೆದಳು. ಈ ಸಲ ನಿಜವಾಗಲೂ ಬರುತ್ತಾರೆ ಅನ್ನಿಸಿತು. ಮೈಕ್ ಇಲ್ಲದೆ ಹಾಡಿದ್ದನ್ನು, ತಂತಿಯ ಸದ್ದನ್ನು ಹೇಳಿದರೆ ಪಕ್ಕದ ಗೆಳತಿ ಖಂಡಿತ ಬರುತ್ತಾಳೆ. ಆದರೆ ಅವಳನ್ನು ಇನ್ನೂ ಕೇಳಿಲ್ಲ. ಅತ್ತೆ ಬಂದೇ ಬರುತ್ತಾಳೆ. ಅತ್ತೆಯನ್ನೂ ಕೇಳಿಲ್ಲ.

ಹಾಡುವವಳು ಪೆನ್ಸಿಲ್ ಹಿಡಿದು ಕಾಯುತ್ತಿದ್ದಳು.

"ಒಬ್ಬಳು," ಎಂದಳು ರೇಡಿಯೊ. "ನಾನು."

ಹಾಡುವವಳು ತಲೆಯಾಡಿಸಿ, ಒಂದು ಎಂದು ಬರೆದುಕೊಂಡಳು.