ಹಳದಿ ಉಪ್ಪಿಟ್ಟು

“ನಾಳೆಯಿಂದ ಈ ಗೇಟಿನ ಹತ್ರ ಜೀಪು ನಿಲ್ಲಿಸಬೇಡ,” ಎಂದಳು ಅಂಬಿಕಾ.

ಸುಂದರೇಶ ನಕ್ಕ. ತಮಾಷೆ ಎಂದುಕೊಂಡಿದ್ದ. ಬೇಗಾರಿನ ಶಾಲೆಯ ಬಿಸಿಯೂಟದ ಅಡಿಗೆಕೋಣೆಯ ಕಟ್ಟೆಯ ಮೇಲೆ ಕುಳಿತು, ಅವಳು ಕೊಟ್ಟ ನೀರಿನ ಚೊಂಬನ್ನು ಇನ್ನೂ ಕೈಯಲ್ಲಿ ಹಿಡಿದಿದ್ದ.

“ಎಂತಕ್ಕೆ? ಮಕ್ಕಳ ಸಾರು ನಾ ಕುಡಿದು ಖಾಲಿ ಮಾಡ್ತೀನಾ?”

“ನಗಬೇಡ ಸುಂದ್ರ. ಮೊನ್ನೆ ನೀ ಕೇಳಿದ್ದಕ್ಕೆ ಇದೇ ಉತ್ತರ. ನಂಗೆ ಇನ್ನೊಂದು ಮದುವೆ ಬೇಡ. ನಿನ್ನ ಜೊತೆಗಂತೂ ಬೇಡವೇ ಬೇಡ.”

ಅವನ ನಗು ಒಮ್ಮೆಲೇ ಹೋಗಲಿಲ್ಲ. ಮೊದಲು ಕಣ್ಣಿನಿಂದ ಹೋಯಿತು, ಆಮೇಲೆ ತುಟಿಯಿಂದ. ಚೊಂಬನ್ನು ಸದ್ದಾಗದಂತೆ ಕಟ್ಟೆಯ ಮೇಲಿಟ್ಟು ಎದ್ದುಹೋದ. ಜೀಪು ತಿರುವು ದಾಟುವವರೆಗೂ ಅಂಬಿಕಾ ಬಾಗಿಲಲ್ಲೇ ನಿಂತಿದ್ದಳು. ಒಳಗಿನಿಂದ ಜೊತೆಯ ಅಡಿಗೆಯವಳು ಕಮಲಕ್ಕ, “ಬೇಳೆ ತಳ ಹಿಡೀತು ಕಣೆ,” ಎಂದು ಕೂಗಿದಾಗ ಹೋಗಿ ಸೌಟು ಹಿಡಿದಳು. ಕಣ್ಣೀರಿಗೆ ಹೊಗೆಯ ನೆಪವಿತ್ತು.

ಅವಳು ಆಡಿದ್ದು ಅವಳ ಮಾತೇ ಅಲ್ಲ. ಆ ದಿನ ಬೆಳಿಗ್ಗೆ ಅಣ್ಣ ಬೂತಪ್ಪ ಹೇಳಿದ್ದ, “ಗಂಡ ಸತ್ತು ಎರಡು ವರ್ಷ ಆಗಿಲ್ಲ. ಆ ಜೀಪಿನವನ ಜೊತೆ ಕೂತು ಹಲ್ಲು ಕಿರೀತೀಯಂತೆ. ಅವನು ಬೇಕು ಅಂದ್ರೆ ಈ ಮನೆ ಬಿಡು.” ನರಸಿಂಹರಾಜಪುರದಲ್ಲಿ ಗಂಡ ಕಾಮಾಲೆಯಿಂದ ತೀರಿಕೊಂಡ ಮೇಲೆ ಅವಳಿಗೆ ಇದ್ದದ್ದು ಆ ಮನೆಯ ಒಂದು ಮೂಲೆ ಮಾತ್ರ.

ಸುಂದರೇಶ ಬೇರೆ ಯಾರೂ ಅಲ್ಲ. ಇದೇ ಶಾಲೆಯಲ್ಲಿ ಅವಳ ಜೊತೆ ಓದಿದವನು. ಇಬ್ಬರ ಅಪ್ಪಂದಿರೂ ಒಂದೇ ತೋಟದಲ್ಲಿ ಕೂಲಿ ಮಾಡಿದವರು. ಈಗ ಅವನು ಶೃಂಗೇರಿ, ಕೊಪ್ಪ ಅಂತ ಬಾಡಿಗೆ ಜೀಪು ಓಡಿಸುತ್ತಿದ್ದ. ಅವಳು ಬಿಸಿಯೂಟದ ಕೆಲಸಕ್ಕೆ ಸೇರಿದ ಹೊಸತರಲ್ಲಿ ನೀರು ಕೇಳಿಕೊಂಡು ಬಂದವನು, ಸುತ್ತ ನೋಡಿ ಮೊದಲು ಕೇಳಿದ್ದು, “ಆ ಹಳದಿ ಉಪ್ಪಿಟ್ಟು ಮಾಡಲ್ವೇನೆ?”

ಅಂಬಿಕಾಳ ಕೈ ಹಾಗೇ ನಿಂತಿತ್ತು. ಇಪ್ಪತ್ತೈದು ವರ್ಷಗಳಿಂದ ಯಾರೂ ಆ ಹೆಸರು ಎತ್ತಿರಲಿಲ್ಲ. ಅಮೆರಿಕದಿಂದ ಬರುತ್ತಿದ್ದ ಮೆಕ್ಕೆಜೋಳದ ರವೆ, ಡಬ್ಬಿಯ ಎಣ್ಣೆ, ದೊಡ್ಡ ಕಡಾಯಿ. ಮನೆಯಿಂದ ತಂದ ಬಾಳೆಲೆ ತುಂಡು ಹಿಡಿದು ಸಾಲಿನಲ್ಲಿ ನಿಂತರೆ ಬಿಸಿಗೆ ಎಲೆ ಬಾಡಿ ಬರುವ ಪರಿಮಳ. ಹೊಟ್ಟೆ ತುಂಬುವಷ್ಟು ಅವರು ತಿನ್ನುತ್ತಿದ್ದದ್ದು ದಿನಕ್ಕೆ ಅದೊಂದೇ ಹೊತ್ತು.

“ಒಂದಿನ ನನ್ನ ಎಲೆ ಹರಿದು ಎಲ್ಲ ನೆಲಕ್ಕೆ ಬಿತ್ತು. ಅರ್ಧ ನೀನು ಕೊಟ್ಟಿದ್ದೆ,” ಎಂದಿದ್ದಳು.

“ನಾನೆಲ್ಲಿ ಕೊಟ್ಟೆ ಮಾರಾಯ್ತಿ? ನೀ ಕಿತ್ಕೊಂಡಿದ್ದು.”

ಅಲ್ಲಿಂದ ಶುರುವಾಯಿತು. ಅವನು ಬಂದಾಗಲೆಲ್ಲ ಒಂದೊಂದು ತಿಂಡಿಯ ಹೆಸರು. ಅಂಗೈಗೆ ಹಾಕಿಸಿಕೊಂಡು ನೆಕ್ಕಿದರೆ ಅಂಗುಳಕ್ಕೆ ಅಂಟುತ್ತಿದ್ದ ಹಾಲಿನ ಪುಡಿ. ಕೆನ್ನೆ ಉಬ್ಬಿಸಿಕೊಂಡು ಪಾಠ ಮುಗಿಯುವವರೆಗೂ ಚೀಪುತ್ತಿದ್ದ ಕಮರ್‌ಕಟ್. ಹುಣಸೆಹಣ್ಣು, ಬೆಲ್ಲ, ಜೀರಿಗೆ ಕುಟ್ಟಿ ಕಡ್ಡಿಗೆ ಸಿಕ್ಕಿಸಿದ ಚಿಗಳಿ. ಸೈಕಲ್ಲಿನ ಹಿಂದೆ ಮರದ ಪೆಟ್ಟಿಗೆ ಕಟ್ಟಿಕೊಂಡು ಕೊಪ್ಪದಿಂದ ಬರುತ್ತಿದ್ದವನ ಐಸ್‌ಕ್ಯಾಂಡಿ. ಅದು ಕೆಂಪು ಎಂದು ಅವಳು, ಕಿತ್ತಳೆ ಬಣ್ಣ ಎಂದು ಅವನು. ಪ್ರತಿಯೊಂದಕ್ಕೂ ಜಗಳ. ಜಗಳದ ನಡುವೆ ಅವನ ಕಣ್ಣು ಅವಳ ಮುಖದಲ್ಲೇ ಒಂದು ಗಳಿಗೆ ಹೆಚ್ಚು ನಿಲ್ಲುತ್ತಿತ್ತು. ಅವಳು ಅದನ್ನು ಕಂಡೂ ಕಾಣದವಳಂತೆ ಸೊಪ್ಪು ಸೋಸುತ್ತಿದ್ದಳು, ಒಳ್ಳೆಯ ಎಲೆಯನ್ನೂ ಕಸಕ್ಕೆ ಹಾಕುತ್ತಾ. ಹಾಗೇ ಒಂದು ದಿನ ಅವನು, “ಇದನ್ನೆಲ್ಲ ಮನೇಲಿ ಕೂತು ಜಗಳ ಆಡಬಹುದಲ್ಲೆ, ಮದುವೆ ಆದ್ರೆ?” ಎಂದು ಕೇಳಿದ್ದ.

ಅದಕ್ಕೆ ಅವಳು ಕೊಟ್ಟ ಉತ್ತರ ಅದು.

ಜೀಪು ಮತ್ತೆ ಬರಲಿಲ್ಲ. ಗೇಟಿನ ಹತ್ತಿರ ಯಾವ ಗಾಡಿ ಸದ್ದು ಮಾಡಿದರೂ ಅವಳು ಸೌಟು ಬಿಟ್ಟು ಬಾಗಿಲಿಗೆ ಬರುತ್ತಿದ್ದಳು. ಬೇಸಿಗೆ ಶುರುವಾಗುವ ಹೊತ್ತಿಗೆ ಕಮಲಕ್ಕ ಸುದ್ದಿ ತಂದಳು.

“ನಿನ್ನ ಸುಂದ್ರನಿಗೆ ಮಂಗನ ಕಾಯಿಲೆಯಂತೆ ಕಣೆ. ಕಟ್ಟಿಗೆ ಹೇರಕ್ಕೆ ಕಾಡಿಗೆ ಹೋದಾಗ ಉಣ್ಣಿ ಕಚ್ಚಿದೆ. ಕೊಪ್ಪದ ಆಸ್ಪತ್ರೇಲಿ ಇದಾನೆ. ಒಂದು ತುತ್ತೂ ಇಳೀತಿಲ್ಲ ಅಂತ ಅವ್ನಮ್ಮ ಶಾಂತಕ್ಕ ಅಳ್ತಿದಾರೆ.”

ಅಂಬಿಕಾ ಕೈ ಒರೆಸಿಕೊಂಡು ಹಾಗೇ ಬಸ್ಸು ಹತ್ತಿದಳು.

ವಾರ್ಡಿನಲ್ಲಿ ಅವನನ್ನು ಗುರುತು ಹಿಡಿಯುವುದೇ ಕಷ್ಟವಾಯಿತು. ಜ್ವರ ಇಳಿದಿತ್ತು, ಆದರೆ ಮೈಯಲ್ಲಿ ಮೂಳೆ ಬಿಟ್ಟು ಬೇರೆ ಏನೂ ಉಳಿದಿರಲಿಲ್ಲ. ಅವಳನ್ನು ನೋಡಿದವನು ಗೋಡೆಯ ಕಡೆ ತಿರುಗಿ ಮಲಗಿದ.

“ಗಂಜಿ ಕೊಟ್ರೆ ವಾಂತಿ, ಎಳನೀರು ಕೊಟ್ರೆ ಬೇಡ ಅಂತಾನೆ,” ಎಂದರು ಅವನ ತಾಯಿ ಶಾಂತಕ್ಕ. “ಎಂತಾದ್ರೂ ಸರಿ, ತಿನ್ಸಿ ಅಂತಾರೆ ಡಾಕ್ಟ್ರು. ನಾ ಎಂತ ಮಾಡ್ಲಿ ಅಂಬಿ?”

ಎಂತ ಮಾಡಬೇಕೆಂದು ಅಂಬಿಕಾಗೆ ಹೊಳೆದದ್ದು ಹುಚ್ಚು ವಿಚಾರ. ಕೊಪ್ಪದ ಅಂಗಡಿಗಳಲ್ಲಿ ಮೆಕ್ಕೆಜೋಳದ ರವೆ ಕೇಳಿದಳು. ಶೃಂಗೇರಿಯಲ್ಲಿ ಕೇಳಿದಳು. “ಅದನ್ನ ಮನುಷ್ಯರು ತಿಂತಾರಾ ಈಗ?” ಎಂದ ಒಬ್ಬ ಅಂಗಡಿಯವನು. ಕೊನೆಗೆ, ಮತ್ತೆಂದೂ ಕಾಲಿಡುವುದಿಲ್ಲ ಎಂದುಕೊಂಡಿದ್ದ ನರಸಿಂಹರಾಜಪುರಕ್ಕೇ ಹೋದಳು. ಅಲ್ಲಿ ಕೋಳಿ ಸಾಕುವವರ ಮನೆಯಲ್ಲಿ ಮೆಕ್ಕೆಜೋಳ ಸಿಕ್ಕಿತು. ಆರಿಸಿ, ತೊಳೆದು, ಬಿಸಿಲಿಗೆ ಹಾಕಿ, ಮಿಲ್ಲಿನಲ್ಲಿ ನುಚ್ಚು ಮಾಡಿಸಿದಳು. ಬೂತಪ್ಪ ಬಾಗಿಲಲ್ಲಿ ನಿಂತು, “ಈಗ ಆಸ್ಪತ್ರೆಗೆ ಹೋದ್ರೆ ಹಾಗೇ ಹೋಗು, ಮತ್ತೆ ಈ ಮನೆಗೆ ಬರಬೇಡ,” ಎಂದ. ಅವಳು ನುಚ್ಚಿನ ಜೊತೆ ತನ್ನ ಬಟ್ಟೆಬರೆಯ ಚೀಲವನ್ನೂ ಹಿಡಿದು ಹೊರಬಿದ್ದಳು. ಉಪ್ಪಿಟ್ಟು ಬೆಂದದ್ದು ಕಮಲಕ್ಕನ ಒಲೆಯ ಮೇಲೆ.

ಬಾಳೆಲೆಯ ಪೊಟ್ಟಣ ಬಿಚ್ಚಿದಾಗ ಗೋಡೆಯ ಕಡೆ ತಿರುಗಿದ್ದ ತಲೆ ಮೆಲ್ಲಗೆ ಇತ್ತ ಹೊರಳಿತು. ಅವನು ಎಲೆಯನ್ನು ನೋಡಿದ, ಆಮೇಲೆ ಅವಳನ್ನು.

“ಎಲ್ಲಿ ಸಿಕ್ತು?”

“ಕೋಳಿ ಸಾಕೋರ ಹತ್ರ.”

“ಕೋಳಿ ತಿಂಡಿ ತಂದು ತಿನ್ನಿಸ್ತೀಯಾ?”

“ಹ್ಞೂಂ. ಬಾಯಿ ತೆಗಿ.”

ಅವನು ಬಾಯಿ ತೆಗೆದ. ಒಂದು ತುತ್ತು, ಮತ್ತೊಂದು. ಬಹಳ ಹೊತ್ತು ಅಗಿದು ನುಂಗಿದ. ಶಾಂತಕ್ಕ ಸೆರಗು ಬಾಯಿಗೊತ್ತಿಕೊಂಡು ಹೊರಗೆ ಹೋದರು.

“ಎಣ್ಣೆ ಕಮ್ಮಿ ಆಯ್ತು,” ಎಂದ. ಅವನ ತುಟಿಯ ಕೊನೆಯಲ್ಲಿ ಹಳೆಯ ನಗುವಿನ ಒಂದು ಎಳೆ ಕಂಡಿತು.

ಆವತ್ತು ನಾನು ಆಡಿದ್ದು ಸುಳ್ಳು ಎಂಬ ಮಾತು ಅಂಬಿಕಾಳ ಗಂಟಲಿನವರೆಗೂ ಬಂದಿತ್ತು. ಆದರೆ ಅಕ್ಕಪಕ್ಕದ ಮಂಚದವರೆಲ್ಲ ಇತ್ತಲೇ ನೋಡುತ್ತಿದ್ದರು. ಅವನಿಗೂ ದಣಿವಾಗಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡಳು.

ಮರುದಿನ ಜ್ವರ ಮರಳಿತು. ಈ ಕಾಯಿಲೆ ಹಾಗೇ, ಒಮ್ಮೆ ಬಿಟ್ಟಂತೆ ಮಾಡಿ ಮತ್ತೆ ಹಿಡಿಯುತ್ತದೆ. ಈ ಸಲ ಅದು ತಲೆಗೇ ಏರಿತು. ಅವನ ಕಣ್ಣು ತೆರೆದೇ ಇತ್ತು, ಆದರೆ ಅದರಲ್ಲಿ ಯಾರೂ ಇರಲಿಲ್ಲ. ಕೈಕಾಲು ಸೆಳೆಯುತ್ತಿತ್ತು. ತಾಯಿಯನ್ನೇ ಗುರುತಿಸಲಿಲ್ಲ. “ಈ ಸ್ಥಿತೀಲಿ ದೊಡ್ಡ ಆಸ್ಪತ್ರೆಗೆ ಸಾಗಿಸೋದು ಅಪಾಯ,” ಎಂದರು ಡಾಕ್ಟರು. “ಔಷಧಿ ಕೊಡ್ತಿದೀವಿ. ನೀವು ಮಾತಾಡಿಸ್ತಾ ಇರಿ. ಕೇಳಿಸ್ತದೋ ಇಲ್ವೋ, ನಿಲ್ಲಿಸಬೇಡಿ.”

ಅಂಬಿಕಾ ಮಾತಾಡಿದಳು. ನೀರು ಕುಡಿಯಲು ಮಾತ್ರ ನಿಲ್ಲಿಸಿದಳು. ದೇವರ ಹೆಸರು ಹೇಳಿದಳು, ಅಮ್ಮನ ಹೆಸರು ಹೇಳಿದಳು, ಬೈದಳು, ಬೇಡಿಕೊಂಡಳು. ಅವನ ರೆಪ್ಪೆಯೂ ಅಲುಗಲಿಲ್ಲ. ತಾನು ಆವತ್ತು ಹೇಳಿದ ಮಾತನ್ನು ಹೊತ್ತುಕೊಂಡೇ ಇವನು ಹೋಗಿಬಿಡುತ್ತಾನೆ ಎಂದು ಹೆದರಿದಳು. ಎದೆಯೊಳಗಿದ್ದದ್ದನ್ನೆಲ್ಲ ಅವನ ಕಿವಿಯಲ್ಲಿ ಉಸುರಿದಳು. ನೀನೇ ಬೇಕು ಎಂದಳು. ನಿನ್ನ ಬಿಟ್ಟು ಬದುಕೋದು ಗೊತ್ತಿಲ್ಲ ಎಂದಳು. ಕೇಳಿಸಿಕೊಳ್ಳಲು ಅಲ್ಲಿ ಅವನಿರಲಿಲ್ಲ.

ಬಿಸಿಲು ಉರಿಯುವ ಒಂದು ಮಧ್ಯಾಹ್ನ, ಹೇಳುವ ಮಾತೆಲ್ಲ ಮುಗಿದು ಹೋದ ಮೇಲೆ, ಅವಳಿಗೆ ಆ ತಿಂಡಿಗಳು ನೆನಪಾದವು. ಅವನು ಎಂದೂ ಯಾವುದನ್ನೂ ತಪ್ಪು ಹೇಳಲು ಬಿಟ್ಟವನಲ್ಲ. ಅವಳು ಬೇಕೆಂದೇ ಎಲ್ಲವನ್ನೂ ತಪ್ಪು ಹೇಳತೊಡಗಿದಳು.

“ಸುಂದ್ರ, ಆ ಐಸ್‌ಕ್ಯಾಂಡಿ ಹಸಿರು ಬಣ್ಣ ಅಲ್ವಾ? ಉಪ್ಪಿಟ್ಟು ಬೆಳ್ಳಗಿರ್ತಿತ್ತು. ಚಿಗಳಿಗೆ ಜೀರಿಗೆ ಹಾಕ್ತಲೇ ಇರ್ಲಿಲ್ಲ. ಕಮರ್‌ಕಟ್ ಬಾಯಿಗಿಟ್ಟ ಕೂಡ್ಲೇ ಕರಗೋದು.” ಅವಳ ದನಿ ಒಡೆಯುತ್ತಿತ್ತು. ಪಕ್ಕದ ಮಂಚದ ಮುದುಕಿ, ಈ ಹುಡುಗಿಗೆ ತಲೆ ಕೆಟ್ಟಿದೆ ಎಂಬಂತೆ ನೋಡಿದಳು. “ಹಾಲಿನ ಪುಡಿ ಕಂಡ್ರೆ ನಿಂಗೆ ಆಗ್ತಿರ್ಲಿಲ್ಲ. ನಿನ್ನ ಪಾಲೂ ನಂಗೇ ಕೊಡ್ತಿದ್ದೆ. ದಿನಾ ಕೊಡ್ತಿದ್ದೆ.”

ತುಟಿ ಅಲುಗಿತು. ಅವಳು ಬಗ್ಗಿ ಕಿವಿ ಹತ್ತಿರ ತಂದಳು.

“ಸುಳ್ಳು,” ಎಂದ ಸುಂದರೇಶ.

ಅಂಬಿಕಾ ಅವನ ಅಂಗೈಯ ಮೇಲೆ ಮುಖ ಇಟ್ಟು ಅತ್ತಳು. ಜನ ನೋಡುತ್ತಾರೆ ಎಂಬ ಯೋಚನೆಯೇ ಬರಲಿಲ್ಲ.

ಅಲ್ಲಿಂದ ಅವನು ಚೇತರಿಸಿಕೊಂಡ, ಬಹಳ ನಿಧಾನವಾಗಿ. ಕೈ ನಡುಗುವುದು ಉಳಿಯಿತು. ಮಾತು ತೊದಲಿ, ಆಮೇಲೆ ಸರಿಯಾಯಿತು. ತಾಯಿಯನ್ನು ಗುರುತಿಸಿದ. ಅಂಬಿಕಾಳನ್ನು ನೋಡಿ ಮುಖ ಅರಳಿಸಿದ.

“ಅಂಬಿ, ನೀ ಯಾವಾಗ ಬಂದೆ? ಗಂಡ ಹುಷಾರಿದಾನಾ?”

ಅವಳು ಕೈಯಲ್ಲಿದ್ದ ಲೋಟವನ್ನು ಮಂಚದ ಪಕ್ಕ ಇಟ್ಟಳು. ಶಾಂತಕ್ಕ ಹೋಗಿ ಡಾಕ್ಟರನ್ನು ಕರೆತಂದರು. “ತಲೆಗೆ ಏರಿದ ಜ್ವರ, ಹೀಗಾಗೋದುಂಟು,” ಎಂದರು ಡಾಕ್ಟರು. “ಹಳೇದೆಲ್ಲ ಗಟ್ಟಿಯಾಗಿರ್ತದೆ, ಹತ್ತಿರದ್ದು ಅಳಿಸಿ ಹೋಗ್ತದೆ. ಮರಳಿ ಬಂದ್ರೂ ಬರಬಹುದು. ಬರದೇನೂ ಇರಬಹುದು.”

ಹಾಲಿನ ಪುಡಿ ಅವನಿಗೆ ನೆನಪಿತ್ತು. ಅಡಿಗೆಕೋಣೆಯ ಕಟ್ಟೆ ನೆನಪಿರಲಿಲ್ಲ. ಅವಳ ಗಂಡ ಸತ್ತದ್ದು, ನೀರು ಕೇಳುವ ನೆಪ, ಮದುವೆಯ ಮಾತು, ಅವಳ ಕೆಟ್ಟ ಉತ್ತರ, ಯಾವುದೂ ಇಲ್ಲ. ಅವನ ಲೆಕ್ಕದಲ್ಲಿ ಅವಳು ಯಾರದೋ ಹೆಂಡತಿ. ಕಣ್ಣು ಅವಳ ಮುಖದ ಮೇಲೆ ನಿಲ್ಲದೆ, ಮರ್ಯಾದೆಯಿಂದ ಪಕ್ಕಕ್ಕೆ ಸರಿಯುತ್ತಿತ್ತು. ಆ ಮರ್ಯಾದೆ ಅವಳನ್ನು ಜ್ವರಕ್ಕಿಂತ ಹೆಚ್ಚು ಸುಟ್ಟಿತು.

ಗಂಡ ತೀರಿಕೊಂಡ ವಿಷಯ ಶಾಂತಕ್ಕನೇ ಹೇಳಿದರು. ಉಳಿದದ್ದನ್ನು ಹೇಳಬೇಕಾದವಳು ಅಂಬಿಕಾ. ಹೇಳದೆ ಬಿಟ್ಟರೂ ಯಾರೂ ಕೇಳುವವರಿರಲಿಲ್ಲ. ತಾನು ಆವತ್ತು ಆಡಿದ ಮಾತು ಲೋಕದಿಂದಲೇ ಅಳಿಸಿ ಹೋಗಿತ್ತು. ಅದರ ಜೊತೆಗೆ ಅವನ ಪ್ರೀತಿಯೂ ಹೋಗಿತ್ತು.

ಆಸ್ಪತ್ರೆಯಿಂದ ಅವನನ್ನು ಮನೆಗೆ ಕಳಿಸಿದ ದಿನ ಕೊಪ್ಪದ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಇಬ್ಬರೂ ಕುಳಿತಿದ್ದರು. ಶಾಂತಕ್ಕ ಬಾಳೆಹಣ್ಣು ತರುತ್ತೇನೆಂದು ಎದ್ದು ಹೋದವರು ಬೇಕೆಂದೇ ತಡಮಾಡುತ್ತಿದ್ದರು.

“ಸುಂದ್ರ, ಒಂದು ಮಾತು. ನಿಂಗೆ ನೆನಪಿಲ್ಲ. ನನ್ನ ಮದುವೆ ಆಗ್ತೀಯಾ ಅಂತ ನೀನೇ ಕೇಳಿದ್ದೆ.”

ಅವನು ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡ. “ನಾನಾ? ಕೇಳಿದ್ನಾ?”

“ಹೌದು.”

“ಅಷ್ಟು ಧೈರ್ಯ ಎಲ್ಲಿಂದ ಬಂತು ನಂಗೆ?” ರಸ್ತೆಯ ಕಡೆ ನೋಡಿದ. “ನೀ ಎಂತ ಅಂದೆ?”

ಹೂಂ ಅಂದೆ ಎಂದುಬಿಡಬಹುದಿತ್ತು. ಅವನು ನಂಬುತ್ತಿದ್ದ.

“ಬೇಡ ಅಂದೆ. ಈ ಕಡೆ ಬರಬೇಡ ಅಂತಾನೂ ಅಂದೆ. ಜನಕ್ಕೆ, ಅಣ್ಣಂಗೆ ಹೆದರಿದ್ದೆ. ಒಂದಿನಾನೂ ಅದು ನಿಜ ಆಗಿರ್ಲಿಲ್ಲ. ಈಗ ನಾನೇ ಕೇಳ್ತೀನಿ. ನಿಂಗೆ ಆ ಮನಸ್ಸೇ ಹೋಗಿದ್ರೆ ಹೇಳು, ತಪ್ಪು ತಿಳ್ಕೊಳಲ್ಲ.”

ಬಸ್ಸೊಂದು ಬಂತು, ಹೋಯಿತು. ಅವಳು ಸೆರಗಿನ ಅಂಚನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಿದ್ದಳು.

“ಕೇಳಿದ್ದು ನೆನಪಿಲ್ಲ ಅಂಬಿ,” ಎಂದ ಕೊನೆಗೆ. “ಆದ್ರೆ ನೀ ಮದುವೆ ಆಗಿ ಹೋದ ದಿನ ನೆನಪಿದೆ. ಅವತ್ತು ತೋಟದಲ್ಲಿ ಕೂತಿದ್ದೆ, ಮನೆಗೆ ಹೋಗ್ಲೇ ಇಲ್ಲ. ಅದು ಯಾವ ಜ್ವರಕ್ಕೂ ಹೋಗಿಲ್ಲ.” ಈಗ ಅವನ ಕಣ್ಣು ಪಕ್ಕಕ್ಕೆ ಸರಿಯಲಿಲ್ಲ. “ಈ ಕೈಲಿ ಇನ್ನು ಜೀಪು ಓಡಿಸೋಕಾಗ್ತದೋ ಇಲ್ವೋ. ಯೋಚ್ನೆ ಮಾಡಿದೀಯಾ?”

“ಮಾಡಿದೀನಿ.”

“ಹಾಗಾದ್ರೆ ಆಯ್ತು.”

ಬೇಗಾರಿನ ಕಡೆಯ ಬಸ್ಸು ಬಂದು ನಿಂತಿತು. ಶಾಂತಕ್ಕ ಬೇಗ ಹತ್ತಿ ಮುಂದೆ ಒಬ್ಬರೇ ಹಿಡಿಸುವ ಜಾಗದಲ್ಲಿ ಕುಳಿತುಬಿಟ್ಟರು. ಅಂಬಿಕಾ ಹೆಂಗಸರ ಸೀಟಿನಲ್ಲಿ ಕಿಟಕಿಯ ಪಕ್ಕ ಕುಳಿತು, ಪಕ್ಕದ ಜಾಗದ ಮೇಲೆ ಕೈ ಇಟ್ಟಳು. ಅವನು ಕಂಬಿ ಹಿಡಿದು ಕಷ್ಟಪಟ್ಟು ಹತ್ತಿ ಬಂದು ಅಲ್ಲೇ ಕುಳಿತ. ಬಸ್ಸಿನ ತುಂಬ ಊರಿನ ಮುಖಗಳೇ. ಒಂದೊಂದಾಗಿ ಇತ್ತ ತಿರುಗಿದವು.

“ಹಿಂದೆ ಜಾಗ ಇದೆ ಮಾರಾಯ, ಅದು ಹೆಂಗಸರ ಸೀಟು,” ಎಂದ ಕಂಡಕ್ಟರ್.

ಸುಂದರೇಶ ಏಳಲು ಹೋದ. ಅಂಬಿಕಾ ಅವನ ನಡುಗುವ ಕೈಯನ್ನು ಹಿಡಿದು ಕೂರಿಸಿದಳು.

“ನಮ್ಮನೇವ್ರು,” ಎಂದಳು, ಹಿಂದಿನ ಸೀಟಿನವರಿಗೂ ಕೇಳುವಂತೆ. “ಹುಷಾರಿಲ್ಲ, ಇಲ್ಲೇ ಕೂರ್ಲಿ.”

ಕಂಡಕ್ಟರ್ ಇಬ್ಬರನ್ನೂ ಒಮ್ಮೆ ನೋಡಿ ಸೀಟಿ ಊದಿದ. ಬಸ್ಸು ಹೊರಟಿತು.