ಸಾಬೂನು ಕಾರ್ಖಾನೆಯ ಮೂರು ಗಾಜುಗಳು

ಬೆಳಿಗ್ಗೆ ಬೀಗ ತೆಗೆದು ಒಳಗೆ ಬಂದವಳ ಕಣ್ಣಿಗೆ ಮೊದಲು ಬಿದ್ದದ್ದೇ ಅದು. ಹಿಂದಿನ ಗೋಡೆಯ ಮೇಲಿನ ಗಾಜಿನ ಪಟ್ಟಿಗಳು, ಮೂರಕ್ಕೆ ಮೂರೂ ಒಡೆದಿದ್ದವು. ಎಂಜಿನಿಯರಮ್ಮ ಚೀಲ ಅಲ್ಲೇ ಬಿಟ್ಟು ಗೋಡೆಯ ಹತ್ತಿರ ಓಡಿದಳು.

ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದದ್ದು ಹಾಗೇ. ವರ್ಷಗಟ್ಟಲೆ ಪಾಳು ಬಿದ್ದಿದ್ದ ಸಾಬೂನು ಕಾರ್ಖಾನೆ ಅದು. ಅದು ನಿಂತ ಮೇಲೆ ಬೀದಿಯೂ ಕಳೆಗುಂದಿತ್ತು, ಒಂದೊಂದೇ ಅಂಗಡಿ ಶಟರ್ ಎಳೆದುಕೊಂಡಿತ್ತು. ಕಟ್ಟಡ ಕೆಡವದೆ ರಿಪೇರಿ ಮಾಡಿ, ಕೆಳಗೆ ಅಂಗಡಿ, ಮೇಲೆ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರ, ಅಂಗಳದಲ್ಲಿ ಸಂತೆ. ಇದು ಅವಳ ಯೋಜನೆ.

ನಗರಸಭೆಯವರಿಗೆ ಒಂದೇ ಅನುಮಾನ. ಹಿಂದಿನ ಗೋಡೆಯ ಬಿರುಕು ಹಳೆಯದೋ, ಇನ್ನೂ ಬೆಳೆಯುತ್ತಿದೆಯೋ? ಅದಕ್ಕೇ ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಇಟ್ಟು, ಎರಡೂ ತುದಿಗೆ ಪ್ಲಾಸ್ಟರ್ ಮೆತ್ತಿದ್ದರು. ಗೋಡೆ ಕೂದಲೆಳೆಯಷ್ಟು ಅಲುಗಿದರೂ ಗಾಜು ಒಡೆಯುತ್ತದೆ. ಗಾಜು ಉಳಿದರೆ ಒಪ್ಪಿಗೆ, ಒಡೆದರೆ ಕಟ್ಟಡ ನೆಲಸಮ. ಅಧಿಕಾರಿ ನೋಡಲು ಬರುವುದು ಇವತ್ತೇ.

ಗೋಡೆಯ ಬುಡದಲ್ಲಿ ಒಂದು ಚೂರೂ ಬಿದ್ದಿರಲಿಲ್ಲ. ಅದರ ಕಡೆ ಅವಳ ಗಮನ ಹೋಗಲಿಲ್ಲ. ತಕ್ಷಣ ದೊಡ್ಡಮ್ಮನಿಗೆ ಫೋನ್ ಮಾಡಿದಳು.

ದೊಡ್ಡಮ್ಮ ನಿವೃತ್ತ ಪೊಲೀಸ್ ಇನ್‌ಸ್ಪೆಕ್ಟರ್. ಮೊಣಕಾಲು ಕೈಕೊಟ್ಟಿತ್ತು, ಕಣ್ಣು ಮಾತ್ರ ಇನ್ನೂ ಡ್ಯೂಟಿ ಮೇಲಿತ್ತು. ಬಂದವಳೇ ಕುರ್ಚಿ ತರಿಸಿಕೊಂಡು ಕೂತು, ಕಾವಲುಗಾರನನ್ನು ಕರೆಸಿದಳು.

"ರಾತ್ರಿ ಯಾರು ಬಂದಿದ್ರು?"

"ನರಪಿಳ್ಳೆನೂ ಬಂದಿಲ್ಲಮ್ಮಾ."

"ನಿದ್ದೆ?"

"ಅದು... ಅದು ಬಂದಿತ್ತು."

"ಸಂಜೆ?"

"ಪಕ್ಕದ ಲಾರಿ ಸಾಹುಕಾರ್ರು ಬಂದಿದ್ರು. ಈ ಗೋಡೆ ಯಾವಾಗ ಬೀಳುತ್ತಯ್ಯಾ ಅಂತ ಕೇಳಿ ನಕ್ಕೊಂಡು ಹೋದ್ರು. ಆಮೇಲೆ ಕಟ್ಟಿನ ಮಾಮ ಬಂದು ಅಂಗಡಿ ಜಾಗ ಅಳೆದ್ರು. ಅವರು ಬಿಡಿ, ನಮ್ಮೋರೇ."

ಕಟ್ಟಿನ ಮಾಮ ಎದುರು ಸಾಲಿನಲ್ಲಿ ಫೋಟೋಗಳಿಗೆ ಕಟ್ಟು ಹಾಕುವವರು. ಈ ಪಟ್ಟಿಗಳನ್ನು ಕತ್ತರಿಸಿ ಪುಕ್ಕಟೆ ಕೊಟ್ಟವರೂ ಅವರೇ. ಇಲ್ಲಿನ ಮೊದಲ ಅಂಗಡಿ ಅವರಿಗೇ ಎಂದು ಎಂಜಿನಿಯರಮ್ಮ ಮಾತು ಕೊಟ್ಟಿದ್ದಳು.

ಲಾರಿ ಸಾಹುಕಾರ ಕರೆದ ತಕ್ಷಣ ಬಂದ, ಮೀಸೆಯಡಿಯಲ್ಲೇ ನಗುತ್ತ.

"ಕೆಡವಿದ್ರೆ ನನ್ನ ಲಾರಿ ನಿಲ್ಲಿಸೋಕೆ ಜಾಗ ಆಗುತ್ತೆ. ಯಾಕೆ ಸುಳ್ಳು ಹೇಳ್ಲಿ? ಆದ್ರೆ ಕದ್ದುಮುಚ್ಚಿ ಒಡೆಯೋದು ನನ್ನ ಜಾಯಮಾನ ಅಲ್ಲ."

"ಒಡೆಯೋದೇ ಆಗಿದ್ರೆ ಹೇಗೆ ಒಡೀತಿದ್ರಿ?"

"ಸುತ್ತಿಗೆ ತಗೊಂಡು ಒಂದು ಏಟು. ಇನ್ನೇನು, ಪೂಜೆ ಮಾಡ್ಲಾ?"

ಅವನು ಹೋದ ಮೇಲೆ ಎಂಜಿನಿಯರಮ್ಮ ಹಲ್ಲು ಕಡಿದಳು. "ಅವನೇ ದೊಡ್ಡಮ್ಮಾ. ಮುಖದ ಮೇಲೇ ಬರೆದಿದೆ."

"ಮುಖದ ಮೇಲೆ ಬರೆದಿದ್ದನ್ನ ಯಾವ ಕೋರ್ಟೂ ಓದಲ್ಲ ಕಣೇ. ಕೈ ಕೊಡು, ಏಳ್ತೀನಿ."

ದೊಡ್ಡಮ್ಮ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ಗಾಜನ್ನು ನೋಡಿದಳು. ಉಗುರು ಆಡಿಸಿದಳು. ಒಂದಾದ ಮೇಲೆ ಒಂದು, ಮೂರನ್ನೂ. ಕೊನೆಗೆ, ಕಟ್ಟಿನ ಮಾಮನನ್ನು ಕರೆದುಕೊಂಡು ಬಾ ಎಂದಳು. ಅವರು ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲ ಬಳಿಯೇ ನಿಂತರು.

"ಬಿರುಕು ಹೇಗಿದೆ, ಹೇಳು," ಎಂದು ದೊಡ್ಡಮ್ಮ ಎಂಜಿನಿಯರಮ್ಮನನ್ನು ಕೇಳಿದಳು.

"ಅಂಕುಡೊಂಕಾಗಿದೆ."

"ಗಾಜು?"

ಎಂಜಿನಿಯರಮ್ಮ ಈಗ ಸರಿಯಾಗಿ ನೋಡಿದಳು. "ನೆಟ್ಟಗೆ ಒಡೆದಿದೆ... ಮೂರೂ."

"ನೀವೆಲ್ಲ ಬಿರುಕು ನೋಡಿದ್ರಿ, ಗಾಜು ನೋಡಲಿಲ್ಲ. ಗೋಡೆ ಜರುಗಿ ಒಡೆದಿದ್ರೆ ಮೂರೂ ಹೀಗೆ ನಟ್ಟನಡುವೆ ನೆಟ್ಟಗೆ ಒಡೀತಿತ್ತಾ? ಸುತ್ತಿಗೆ ಏಟು ಬಿದ್ದಿದ್ರೆ ನೆಲದ ತುಂಬ ಚೂರು ಇರ್ತಿತ್ತು. ಇಲ್ಲಿ ಉಗುರು ಆಡಿಸು. ಅಂಚಿನುದ್ದಕ್ಕೂ ಸಣ್ಣ ಗೀರು ಸಿಗುತ್ತೆ. ಮೊದಲು ಗೀರು ಎಳೆದು, ಆಮೇಲೆ ಮೆಲ್ಲಗೆ ತಟ್ಟಿ ಒಡೆದಿದ್ದಾರೆ. ಗಾಜನ್ನ ಹೇಗೆಂದರೆ ಹಾಗೆ ಒಡೆಯೋಕೆ ಕೈ ಬಾರದವರು ಈ ಬೀದಿಯಲ್ಲಿ ಒಬ್ಬರೇ. ಅಲ್ವೇನ್ರೀ?"

ಕಟ್ಟಿನ ಮಾಮ ಗೋಡೆಯ ಹತ್ತಿರ ಬಂದು ಗಾಜಿನ ಅಂಚು ಮುಟ್ಟಿದರು.

"ಸುತ್ತಿಗೆ ತಂದಿದ್ದೆ ಅಮ್ಮಾ. ಎತ್ತೋಕೆ ಆಗಲಿಲ್ಲ. ಜೀವಮಾನವೆಲ್ಲ ಗಾಜು ಉಳಿಸಿದ ಕೈ."

ಎಂಜಿನಿಯರಮ್ಮನಿಗೆ ಸಿಟ್ಟೂ ಅಳುವೂ ಒಟ್ಟಿಗೆ ಬಂದವು. "ಮೊದಲನೇ ಅಂಗಡಿ ನಿಮಗೇ ಅಂದಿದ್ದೆನಲ್ಲ ಮಾಮ. ಯಾಕೆ ಹೀಗೆ ಮಾಡಿದ್ರಿ?"

"ಅಂಗಡಿ ನೀನು ಕೊಟ್ಟೆ ಮಗಳೇ. ಮನೆ? ನಾವು ಮೊದಲಿದ್ದ ಬೀದಿಯಲ್ಲೂ ಹಳೇ ಗಿರಣಿ ಚೆಂದ ಮಾಡಿದ್ರು. ಜನ ಬಂದ್ರು, ಬಾಡಿಗೆ ಏರ್ತು, ನಾವು ಗಂಟುಮೂಟೆ ಕಟ್ಟಿದ್ವಿ. ಇಲ್ಲಿ ನಮ್ಮ ಮನೆ ಮಾಲೀಕ ಈಗಲೇ ಸುಣ್ಣ ಹೊಡೆಸ್ತಿದ್ದಾನೆ. ನಿಮ್ಮ ಅತ್ತೆ ಹಾಸಿಗೆ ಹಿಡಿದಿದ್ದಾಳೆ. ಅವಳನ್ನ ಎತ್ಕೊಂಡು ಮತ್ತೆ ಎಲ್ಲಿಗೆ ಹೋಗ್ಲಿ?"

ಅವಳ ನಕ್ಷೆಯಲ್ಲಿ ಮೆಟ್ಟಿಲಿತ್ತು, ಚರಂಡಿಯಿತ್ತು, ಸಂತೆಯ ಕಟ್ಟೆಯಿತ್ತು. ಬಾಡಿಗೆ ಏರಿದರೆ ಈ ಬೀದಿಯವರು ಎಲ್ಲಿರಬೇಕು ಎಂದು ಅವಳು ಯಾರನ್ನೂ ಕೇಳಿರಲಿಲ್ಲ. ನಾಚಿಕೆಯಾಯಿತು.

ಹೊರಗೆ ಜೀಪು ನಿಂತಿತು. ಮಾಮ ತಾವೇ ಎದುರು ಹೋಗಿ, ಅಧಿಕಾರಿಗೆ ಎಲ್ಲವನ್ನೂ ಹೇಳಿಬಿಟ್ಟರು. ಅಧಿಕಾರಿ ಗಾಜು ನೋಡಿದರು, ಗೀರು ನೋಡಿದರು.

"ದೂರು ಕೊಡ್ತೀರಾ?"

"ಇಲ್ಲ ಸರ್. ಹೊಸ ಗಾಜು ಹಾಕ್ತೀವಿ, ಮತ್ತೆ ಬಂದು ನೋಡಿ. ಅಷ್ಟರಲ್ಲಿ ನಾನು ಬೀದಿಯ ಪ್ರತಿ ಮನೆಗೂ ಹೋಗಬೇಕು. ಬಾಡಿಗೆ ವಿಷಯ ಇತ್ಯರ್ಥ ಆಗದೆ ಯೋಜನೆ ಮುಂದೆ ಹೋಗಲ್ಲ."

"ಅಷ್ಟರಲ್ಲಿ ಬೇರೆಯವರು ಈ ಜಾಗ ಕೇಳಿದ್ರೆ? ನಾನು ತಡೆಯೋಕಾಗಲ್ಲಮ್ಮ."

ಗೇಟಿನಾಚೆ ಲಾರಿ ಸಾಹುಕಾರ ಕಿವಿ ಚುರುಕು ಮಾಡಿಕೊಂಡು ನಿಂತಿದ್ದ. ಎಂಜಿನಿಯರಮ್ಮ ಅವನ ಕಡೆ ಒಮ್ಮೆ ನೋಡಿದಳು.

"ಗೊತ್ತು ಸರ್," ಎಂದಳು. ಆಮೇಲೆ ಮಾಮನ ಕಡೆ ತಿರುಗಿದಳು. "ನಡೀರಿ, ಮೊದಲು ನಿಮ್ಮ ಮನೆಗೇ ಬರ್ತೀನಿ. ಅತ್ತೆ ಎದ್ದಿದ್ದಾರಾ?"

"ಎದ್ದಿದ್ದಾಳೆ. ಆದ್ರೆ ನಿನ್ನ ಕಂಡ್ರೆ ಬಯ್ತಾಳೆ."

"ಬಯ್ಯಲಿ," ಎಂದು ಅವಳು ಮುಂದೆ ನಡೆದಳು.